ರೀಡಿಂಗ್‌ನ ಹಳೆ ಇಟ್ಟಿಗೆ ಮನೆ ಇ ಇಂದ ಸಿ ಗೆ ಬಂದದ್ದು: ನನ್ನ ಅನುಭವ

ಇಂಗ್ಲೆಂಡಿನಲ್ಲಿ ಸ್ವಂತ ಮನೆ ಬಾಡಿಗೆಗೆ ಕೊಟ್ಟಿರುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಕೆಲವರು ಇಲ್ಲೇ ಇದ್ದಾರೆ. ಇನ್ನು ಕೆಲವರು ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೋಗಿ, ಇಲ್ಲಿನ ಮನೆಯನ್ನು ಏಜೆಂಟರ ಕೈಗೆ ಬಿಟ್ಟಿದ್ದಾರೆ. ಇವರೆಲ್ಲರೂ ನೋಡಲೇಬೇಕಾದ ಒಂದು ಕಾಗದ ಇಪಿಸಿ, ಅಂದರೆ ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್. ಮನೆ ಬೆಚ್ಚಗಿಡಲು ಎಷ್ಟು ಖರ್ಚಾಗುತ್ತದೆ ಎಂದು ಎ (ಅತ್ಯುತ್ತಮ) ಇಂದ ಜಿ (ಕಳಪೆ) ತನಕ ದರ್ಜೆ ಕೊಡುವ ಪ್ರಮಾಣಪತ್ರ ಅದು. ಹತ್ತು ವರ್ಷ ನಡೆಯುತ್ತದೆ. ನಮ್ಮ ಮನೆಯ ಇಪಿಸಿ 2015ರದ್ದು. ಅವಧಿ ಮುಗಿಯುತ್ತಾ ಬಂದಾಗ ಹೊಸದು ಮಾಡಿಸುವ ಕೆಲಸವನ್ನು ಏಜೆಂಟರಿಗೆ ಬಿಡದೆ ನಾನೇ ಕೈಗೆತ್ತಿಕೊಂಡೆ.

ಮನೆ ಇರುವುದು ರೀಡಿಂಗ್ ಊರಿನ ಪೂರ್ವ ಭಾಗದಲ್ಲಿ. ಒಂದು ಕಾಲಕ್ಕೆ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಕಾರ್ಖಾನೆಯ ಕೆಲಸಗಾರರು ತುಂಬಿದ್ದ ಬೀದಿಗಳು ಅವು. ಕೆಂಪು ಇಟ್ಟಿಗೆಯ ನಡುವೆ ಬೂದು ಇಟ್ಟಿಗೆ ಇಟ್ಟು ಚಿತ್ತಾರ ಮಾಡಿದ, ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು. ನೋಡಲು ತುಂಬಾ ಚೆಂದ. ಚಳಿಗಾಲದಲ್ಲಿ ಒಳಗೆ ಇರುವವರನ್ನು ಕೇಳಬೇಕು. ನಮ್ಮ ಬಾಡಿಗೆದಾರರು ಉಡುಪಿ ಕಡೆಯ ದಂಪತಿ. ಹೆಂಡತಿ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಮಗು ಹುಟ್ಟಿದ ವರ್ಷ ಫೋನ್ ಮಾಡಿ ಹೇಳಿದ್ದರು: "ಅಕ್ಕ, ಮುಂದಿನ ರೂಮು ಪರವಾಗಿಲ್ಲ. ಹಿಂದಿನ ರೂಮಲ್ಲಿ ಮಗುವನ್ನ ಮಲಗಿಸೋಕೇ ಆಗಲ್ಲ. ಹೀಟಿಂಗ್ ಆಫ್ ಮಾಡಿದ್ರೆ ಅರ್ಧ ಗಂಟೆಗೆಲ್ಲ ತಣ್ಣಗಾಗುತ್ತೆ." ಹೊಸ ಇಪಿಸಿ ಮಾಡಿಸುವಾಗ ಆ ರೂಮು ಬೆಚ್ಚಗಾಗಲೇಬೇಕು ಎಂದು ತೀರ್ಮಾನ ಮಾಡಿಬಿಟ್ಟೆ. ದರ್ಜೆಯ ಅಕ್ಷರ ಆಮೇಲೆ.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಡಿಗೆ ಮನೆಗೆ ಇಪಿಸಿ ಬೇಕು ಎಂದಾದದ್ದು 2008ರ ಅಕ್ಟೋಬರಿನಲ್ಲಿ. 2018ರ ಏಪ್ರಿಲ್‌ನಿಂದ ಹೊಸ ಬಾಡಿಗೆಗೆ ಕನಿಷ್ಠ ಇ ದರ್ಜೆ ಇರಬೇಕು ಎಂದಾಯಿತು. 2020ರ ಏಪ್ರಿಲ್‌ನಿಂದ ಹಳೆಯ ಬಾಡಿಗೆಗೂ ಅದೇ ನಿಯಮ ಬಂತು. ಎಫ್ ಅಥವಾ ಜಿ ಮನೆಯನ್ನು ವಿನಾಯಿತಿ ನೋಂದಾಯಿಸದೆ ಬಾಡಿಗೆಗೆ ಕೊಟ್ಟರೆ 5,000 ಪೌಂಡ್ ತನಕ ದಂಡ ಬೀಳಬಹುದು. ಮುಂದಿನ ಗುರಿ ಸಿ. 2025ಕ್ಕೇ ಸಿ ತರಬೇಕೆಂದು ಹಿಂದಿದ್ದ ಯೋಜನೆಯನ್ನು 2023ರ ಸೆಪ್ಟೆಂಬರಿನಲ್ಲಿ ಕೈಬಿಟ್ಟರು. ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಸರ್ಕಾರ 2030ರ ಹೊತ್ತಿಗೆ ಸಿ ಎಂದು ಮತ್ತೆ ಘೋಷಿಸಿತು. ಈ ಹಗ್ಗಜಗ್ಗಾಟ ನೋಡಿ ಸುಮ್ನೆ ಕಾಯುತ್ತಾ ಕೂತವರನ್ನು ನಾನು ಬಲ್ಲೆ. ನಿಯಮ ಹಿಂದೆ ಮುಂದೆ ಹೋದರೂ ಗ್ಯಾಸ್ ಬಿಲ್ ತಿಂಗಳು ತಿಂಗಳು ಬರುತ್ತದೆ. ಅದನ್ನು ಕಟ್ಟುವವರು ನಾವಲ್ಲ, ನಮ್ಮ ಮನೆಯಲ್ಲಿ ಇರುವವರು.

ಮೊದಲು ಮಾಡಿದ ಕೆಲಸ ಹಳೆಯ ಇಪಿಸಿಯನ್ನು ಕೂತು ಓದಿದ್ದು. ಇದು ಸರ್ಕಾರದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಪೋಸ್ಟ್‌ಕೋಡ್ ಹಾಕಿದರೆ ಸಾಕು, ಬಸವನಗುಡಿಯಲ್ಲಿ ಕೂತೂ ನೋಡಬಹುದು. ಪಕ್ಕದ ಮನೆಗಳದ್ದೂ ಕಾಣುತ್ತದೆ. ನಮ್ಮದೇ ಸಾಲಿನಲ್ಲಿ, ಒಂದೇ ಕಾಲದಲ್ಲಿ ಕಟ್ಟಿದ ಮನೆ ಸಿ ಗೆ ಬಂದಿದ್ದರೆ ಅವರು ಏನು ಮಾಡಿಸಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನಮ್ಮ ಮನೆಗೆ ಸಿಕ್ಕಿದ್ದು 51 ಅಂಕ. 39ರಿಂದ 54ರ ತನಕ ಇ, 55ರಿಂದ 68 ಡಿ, 69ರಿಂದ 80 ಸಿ.

ಅದರಲ್ಲಿ ನನ್ನ ಗಮನ ಸೆಳೆದದ್ದು ಗೋಡೆ, ನೆಲ, ಹಿಂದಿನ ಚಾವಣಿ, ಇವುಗಳ ಎದುರು "ಊಹೆ" ಎಂದು ಬರೆದಿದ್ದದ್ದು. ಮನೆ ಅಳೆದು ಇಪಿಸಿ ಕೊಡುವ ಅಸೆಸರ್ ಗೋಡೆ ಕೊರೆದು ನೋಡುವುದಿಲ್ಲ, ನೆಲದ ಹಲಗೆ ಕೀಳುವುದಿಲ್ಲ. ಕಣ್ಣಿಗೆ ಕಂಡದ್ದು, ಅಳತೆಗೆ ಸಿಕ್ಕಿದ್ದು, ನಾವು ಕಾಗದ ತೋರಿಸಿದ್ದು, ಇಷ್ಟನ್ನೇ ಅವರು ಬರೆದುಕೊಳ್ಳಬಹುದು. ಉಳಿದದ್ದಕ್ಕೆಲ್ಲ ಮನೆ ಕಟ್ಟಿದ ಕಾಲ ನೋಡಿ ತಂತ್ರಾಂಶವೇ ಒಂದು ಅಂಕಿ ಹಾಕುತ್ತದೆ. ನೀವು ಎಷ್ಟೇ ದುಡ್ಡು ಸುರಿದು ನೆಲದಡಿ ಇನ್ಸುಲೇಷನ್ (ಶಾಖ ಸೋರದಂತೆ ತಡೆಯುವ ಹೊದಿಕೆ) ಹಾಕಿಸಿರಿ, ಪುರಾವೆ ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಒಂದು ಫೈಲ್ ಮಾಡಿದೆ. ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ 2019ರಲ್ಲಿ ಬದಲಾಯಿಸಿದ್ದೆವು. ಅದರ ಬಿಲ್, ಜೊತೆಗೆ ಬಾಯ್ಲರ್ ಮೇಲಿನ ತಗಡಿನ ಪಟ್ಟಿಯ ಫೋಟೋ. ಅದರಲ್ಲಿ ಕಂಪನಿ ಹೆಸರು, ಮಾಡೆಲ್, ನಂಬರ್ ಇರುತ್ತದೆ. ಮಾಡೆಲ್ ಸಿಕ್ಕಿದರೆ ಅಸೆಸರ್ ಅದರ ನಿಜವಾದ ದಕ್ಷತೆಯನ್ನೇ ದಾಖಲಿಸುತ್ತಾರೆ. ಸಿಗದಿದ್ದರೆ ಮತ್ತೆ ಅಂದಾಜಿನ ಅಂಕಿ. ಕಿಟಕಿ ಹಾಕಿದಾಗ ಕೊಡುವ ಫೆನ್ಸಾ ಸರ್ಟಿಫಿಕೇಟ್ ಹುಡುಕಿ ತೆಗೆದೆ. ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) 2002ಕ್ಕಿಂತ ಮುಂಚಿನದೋ ಆಮೇಲಿನದೋ ಎಂಬುದರ ಮೇಲೆ ಅಂಕ ಬದಲಾಗುತ್ತದೆ. ಸರ್ಟಿಫಿಕೇಟ್ ಕಳೆದಿದ್ದರೆ ಎರಡು ಗಾಜಿನ ನಡುವೆ ಇರುವ ಲೋಹದ ಪಟ್ಟಿಯನ್ನು ನೋಡಿ. ಎಷ್ಟೋ ಕಿಟಕಿಗಳಲ್ಲಿ ತಯಾರಾದ ದಿನಾಂಕ ಅಲ್ಲೇ ಅಚ್ಚಾಗಿರುತ್ತದೆ.

ಅಸೆಸರ್ ಆರಿಸುವಾಗ ಒಬ್ಬರು ಫೋನಿನಲ್ಲೇ "ಫೋಟೋ ಕಳಿಸಿ, ಸಿ ಮಾಡಿಕೊಡುತ್ತೇನೆ" ಎಂದರು. ಫೋನ್ ಇಟ್ಟುಬಿಟ್ಟೆ. ಮನೆಗೆ ಬಂದು ಅಳೆಯದೆ ಇಪಿಸಿ ಕೊಡುವಂತಿಲ್ಲ. ನಾನು ಕೊನೆಗೆ ಗೊತ್ತು ಮಾಡಿಕೊಂಡವರನ್ನು ಒಂದೇ ಮಾತು ಕೇಳಿದ್ದೆ: ಈಗ ಬಂದು ಅಳತೆ ತೆಗೆದು ಲೆಕ್ಕ ಹಾಕಿ, ಕೆಲಸವೆಲ್ಲ ಮುಗಿದ ಮೇಲೆ ಮತ್ತೆ ಬಂದು ನೋಡಿ, ಆಮೇಲೆ ನೋಂದಣಿ ಮಾಡಿ, ಆಗುತ್ತಾ? ಎರಡನೇ ಭೇಟಿಗೆ ಬೇರೆ ಫೀಸು ಕೊಟ್ಟೆ. ಯಾವ ಕೆಲಸಕ್ಕೆ ಎಷ್ಟು ಅಂಕ ಬರುತ್ತದೆ ಎಂದು ಅವರು ಮುಂಚೆಯೇ ಹಾಕಿ ತೋರಿಸಿದ್ದರಿಂದ ಸಾವಿರಾರು ಪೌಂಡ್ ಎಲ್ಲಿ ಹಾಕಬೇಕು ಎಂಬುದು ಸ್ಪಷ್ಟವಾಯಿತು.

ಆ ಮೊದಲ ಲೆಕ್ಕದಲ್ಲೇ ಮನೆ 61ಕ್ಕೆ ಬಂದಿತ್ತು. ಹೊಸ ಬಾಯ್ಲರ್ ಒಂದು ಕಾರಣ. ಇನ್ನೊಂದು ಕಾರಣ ಲೆಕ್ಕದ ಪದ್ಧತಿಯಲ್ಲೇ ಇತ್ತು. ಒಳಗೆ ಟೊಳ್ಳಿಲ್ಲದ ಹಳೆಯ ಇಟ್ಟಿಗೆ ಗೋಡೆಯಿಂದ ಶಾಖ ಎಷ್ಟು ಸೋರುತ್ತದೆ ಎಂಬುದಕ್ಕೆ ಮುಂಚೆ 2.1 ಎಂಬ ಅಂಕಿ ಹಾಕುತ್ತಿದ್ದರು. ನಿಜವಾದ ಮನೆಗಳಲ್ಲಿ ಅಳೆದು ನೋಡಿದಾಗ ಗೋಡೆಗಳು ಅಷ್ಟು ಕೆಟ್ಟದಾಗಿಲ್ಲ ಎಂದು ತಿಳಿದು, 2017ರ ಕೊನೆಯಲ್ಲಿ ಅದನ್ನು 1.7ಕ್ಕೆ ಇಳಿಸಿದರು. ಅದೇ ಗೋಡೆ, ಅದೇ ಇಟ್ಟಿಗೆ, ಅಂಕ ಮಾತ್ರ ಜಾಸ್ತಿ. ನಿಮ್ಮ ಇಪಿಸಿ ಅದಕ್ಕಿಂತ ಹಿಂದಿನದಾದರೆ, ಮನೆಯೂ ಹಳೆಯದಾದರೆ, ಕೆಲಸ ಶುರು ಮಾಡುವ ಮುಂಚೆ ಒಮ್ಮೆ ಮರುಲೆಕ್ಕ ಹಾಕಿಸಿ. 2025ರ ಜೂನ್‌ನಿಂದ ಪದ್ಧತಿ ಇನ್ನೊಮ್ಮೆ ಬದಲಾಗಿದೆ. ಈಗ ಕಿಟಕಿಗಳನ್ನು ಒಂದೊಂದಾಗಿ ಅಳೆಯುತ್ತಾರೆ, ಬಲ್ಬುಗಳನ್ನೂ ಎಣಿಸುತ್ತಾರೆ.

ಗೋಡೆ ಟೊಳ್ಳಿನದೋ ಗಟ್ಟಿಯದೋ ಎಂದು ನೀವೇ ನೋಡಬಹುದು. ಹೊರಗೆ ನಿಂತು ಇಟ್ಟಿಗೆ ಸಾಲು ಗಮನಿಸಿ. ಒಂದು ಉದ್ದ ಇಟ್ಟಿಗೆ, ಪಕ್ಕದಲ್ಲಿ ಒಂದು ಗಿಡ್ಡ ತುದಿ, ಮತ್ತೆ ಉದ್ದ, ಹೀಗೆ ಕಂಡರೆ ಸಾಮಾನ್ಯವಾಗಿ ಅದು ಗಟ್ಟಿ ಗೋಡೆ. ಗಿಡ್ಡ ತುದಿ ಕಾಣುವುದು ಆ ಇಟ್ಟಿಗೆ ಗೋಡೆಗೆ ಅಡ್ಡವಾಗಿ ಒಳಗಿನ ತನಕ ಹೋಗಿರುವುದರಿಂದ. ಎಲ್ಲವೂ ಉದ್ದವಾಗೇ ಕಂಡರೆ ಒಳಗೆ ಟೊಳ್ಳಿರುವ ಸಾಧ್ಯತೆ ಹೆಚ್ಚು. ಟೊಳ್ಳಿದ್ದರೆ ಅದರೊಳಗೆ ಇನ್ಸುಲೇಷನ್ ಊದಿಸಿದರೆ ಕಡಿಮೆ ಖರ್ಚಿನಲ್ಲಿ ಆಗಿಹೋಗುತ್ತದೆ. ನಮ್ಮದು ಗಟ್ಟಿ ಗೋಡೆ.

ಅಟ್ಟದ ಕೆಲಸ ಎಲ್ಲಕ್ಕಿಂತ ಸುಲಭವಾಗಿತ್ತು. 100 ಮಿಲಿಮೀಟರ್ ದಪ್ಪ ಇದ್ದ ಇನ್ಸುಲೇಷನ್ ಅನ್ನು 270ಕ್ಕೆ ಏರಿಸಿದೆವು. ಸೂರಿನ ಅಂಚಿನಲ್ಲಿ ಗಾಳಿ ಆಡಲು ಜಾಗ ಬಿಡಬೇಕು, ಇಲ್ಲವಾದರೆ ತೊಲೆಗಳಿಗೆ ತೇವ ಹಿಡಿಯುತ್ತದೆ. ಅಸೆಸರ್ ಬರುವ ದಿನ ಅಟ್ಟದ ಬಾಗಿಲು ತೆಗೆಯಲು ಬರುವಂತಿರಲಿ. ಬಣ್ಣ ಬಳಿದು ಮುಚ್ಚಿಹೋಗಿದ್ದರೆ ಅಲ್ಲೂ ಊಹೆಯ ಅಂಕಿಯೇ ಬೀಳುತ್ತದೆ.

ದೊಡ್ಡ ಕೆಲಸಗಳಿಗೆ ಬಾಡಿಗೆದಾರರು ಊರಿಗೆ ಹೋಗುವ ಸಮಯವನ್ನೇ ಹಿಡಿದೆವು. ಮಗುವನ್ನು ಅಜ್ಜಿಗೆ ತೋರಿಸಲು ಅವರು ಉದ್ದ ರಜೆ ಹಾಕಿದ್ದರು. ಅವರನ್ನು ಕೇಳಿ, ಒಪ್ಪಿಗೆ ಪಡೆದು, ಆ ಅವಧಿಯ ಬಾಡಿಗೆ ಬಿಟ್ಟು ಕೆಲಸ ಶುರು ಮಾಡಿದೆವು. ಈ ಕಾಲದ ಮನೆಗಳಲ್ಲಿ ನೆಲ ಅಂದರೆ ತೊಲೆಗಳ ಮೇಲೆ ಕೂರಿಸಿದ ಮರದ ಹಲಗೆ, ಕೆಳಗೆ ಖಾಲಿ ಜಾಗ. ಹಲಗೆ ಎಬ್ಬಿಸಿ, ತೊಲೆಗಳ ನಡುವೆ ಬಲೆ ಕಟ್ಟಿ, ಅದರ ಮೇಲೆ ಖನಿಜ ಉಣ್ಣೆ ತುಂಬಿ ಮತ್ತೆ ಹಲಗೆ ಮುಚ್ಚಿದರು. ಗೋಡೆಯ ಬುಡದಲ್ಲಿರುವ ಗಾಳಿ ಇಟ್ಟಿಗೆಗಳನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಕೆಲವು ವರ್ಷಕ್ಕೆ ತೊಲೆಯೇ ಕೊಳೆಯುತ್ತದೆ. ಹಲಗೆ ಮುಚ್ಚುವ ಮುಂಚೆ ಪ್ರತಿ ರೂಮಿನ ಫೋಟೋ ತೆಗೆಸಿದೆ, ಟೇಪ್ ಇಟ್ಟು ದಪ್ಪ ಕಾಣುವಂತೆ. ಬಿಲ್ಲಿನಲ್ಲಿ ಮನೆ ವಿಳಾಸ, ಹಾಕಿದ ವಸ್ತು, ದಪ್ಪ, ದಿನಾಂಕ ಎಲ್ಲ ಬರೆಸಿಕೊಂಡೆ.

ನೆಲ, ಅಟ್ಟ, ರೇಡಿಯೇಟರಿಗೊಂದೊಂದು ಥರ್ಮೋಸ್ಟಾಟ್ ವಾಲ್ವ್, ಎಲ್ಲಾ ಕಡೆ ಎಲ್ಇಡಿ. ಇಷ್ಟಾದ ಮೇಲೆ ಲೆಕ್ಕ 66. ಸಿ ಗೆ ಇನ್ನೂ ಮೂರು ಬೇಕು.

ಇಲ್ಲಿ ಎಲ್ಲರೂ ಕೊಟ್ಟ ಸಲಹೆ ಒಂದೇ. ಸೋಲಾರ್ ಹಾಕಿಸಿ, ಅಂಕ ಒಂದೇ ಏಟಿಗೆ ಏರುತ್ತದೆ. ಮಾತು ನಿಜ. ಇಪಿಸಿಯ ದೊಡ್ಡ ಅಂಕ ಅಳೆಯುವುದು ಚದರ ಮೀಟರಿಗೆ ಬೀಳುವ ಇಂಧನದ ಖರ್ಚನ್ನು. ಚಾವಣಿಯಲ್ಲಿ ಕರೆಂಟ್ ತಯಾರಾದರೆ ಖರ್ಚು ಇಳಿಯುತ್ತದೆ, ಅಂಕ ಏರುತ್ತದೆ. ಆದರೆ ಹಿಂದಿನ ರೂಮು? ಅದು ಇದ್ದ ಹಾಗೇ ಇರುತ್ತದೆ. ಸಾಲು ಮನೆಯಲ್ಲಿ ಮುಖ್ಯ ಭಾಗಕ್ಕೆ ಎರಡೂ ಪಕ್ಕದಲ್ಲಿ ಅಕ್ಕಪಕ್ಕದವರ ಬೆಚ್ಚನೆಯ ಮನೆ ಇರುತ್ತದೆ. ಹಿಂದಕ್ಕೆ ಚಾಚಿಕೊಂಡ ಭಾಗ, ಅಂದರೆ ಕೆಳಗೆ ಅಡುಗೆಮನೆ, ಮೇಲೆ ಬಚ್ಚಲು ಮತ್ತು ಸಣ್ಣ ರೂಮು, ಅದರ ಪಕ್ಕದ ಗೋಡೆ ಮತ್ತು ತುದಿಯ ಗೋಡೆ ಎರಡೂ ಚಳಿಗೆ ಮೈಯೊಡ್ಡಿ ನಿಂತಿರುತ್ತವೆ. ಶಾಖ ಸೋರುವುದೇ ಅಲ್ಲಿ. ಅಲ್ಲಿಗೇ ದುಡ್ಡು ಹಾಕುವುದೆಂದು ನಾನೂ ನಮ್ಮ ಮನೆಯವರೂ ನಿರ್ಧರಿಸಿದೆವು. ಮುಂದೆ ಇಪಿಸಿಯಲ್ಲಿ ಕಟ್ಟಡದ ಗೋಡೆ, ನೆಲ, ಚಾವಣಿಯ ಗುಣಕ್ಕೇ ಬೇರೆ ಅಂಕ ಕೊಡುವ ಯೋಜನೆಯೂ ಇದೆ.

ಹೊರಗಿನಿಂದ ಹೊದಿಸುವ ದಾರಿಯೂ ಇತ್ತು. ನಮ್ಮ ಹಿಂದಿನ ಓಣಿ ತೀರಾ ಕಿರಿದು, ಹಾಗಾಗಿ ಒಳಗಿನಿಂದಲೇ ಮಾಡಿಸಿದೆವು. ಹಾಕುವ ವಸ್ತುವಿನ ವಿಷಯದಲ್ಲಿ ನಾನು ಹಟ ಹಿಡಿದೆ. ಅಗ್ಗಕ್ಕೆ ಸಿಗುವುದು ಬೆಳ್ಳಿ ಹಾಳೆ ಅಂಟಿಸಿದ ಫೋಮ್ ಹಲಗೆ. ಕಡಿಮೆ ದಪ್ಪದಲ್ಲಿ ಹೆಚ್ಚು ಶಾಖ ತಡೆಯುತ್ತದೆ, ನಿಜ. ಆದರೆ ಹಳೆಯ ಇಟ್ಟಿಗೆ ಗೋಡೆ ಮಳೆ ಕುಡಿದು ಒಳಕ್ಕೂ ಹೊರಕ್ಕೂ ಒಣಗುತ್ತದೆ. ಒಳಗಡೆ ಆವಿ ದಾಟದ ಹಾಳೆ ಹಾಕಿದರೆ ಆ ಬದಿ ಒಣಗುವುದು ನಿಂತುಹೋಗುತ್ತದೆ. ತೊಲೆಯ ತುದಿಗಳು ಅದೇ ಗೋಡೆಯಲ್ಲಿ ಹೂತಿವೆ. ಅದಕ್ಕೇ ಮರದ ನಾರಿನ ಹಲಗೆ ಹಾಕಿಸಿ, ಮೇಲೆ ಸುಣ್ಣದ ಗಾರೆ ಮಾಡಿಸಿದೆ. ಖರ್ಚು ಜಾಸ್ತಿ, ರೂಮು ಸ್ವಲ್ಪ ಕಿರಿದಾಯಿತು, ಕಿಟಕಿಯ ಒಳ ಅಂಚುಗಳನ್ನೂ ಬಿಡದೆ ಹೊದಿಸಬೇಕಾಯಿತು. ಅಂಚು ಬಿಟ್ಟರೆ ಅಲ್ಲೇ ನೀರು ಕೂತು ಬೂಷ್ಟು ಹಿಡಿಯುತ್ತದೆ. ಇಷ್ಟು ಗೋಡೆ ಹೊದಿಸುವ ಕೆಲಸಕ್ಕೆ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ ತಿಳಿಸಬೇಕು, ತಿಳಿಸಿದೆವು. ಅವರ ಕಾಗದವೂ ಅಸೆಸರ್‌ಗೆ ಒಳ್ಳೆ ಪುರಾವೆ.

ಮನೆಯನ್ನು ಬಿಗಿ ಮಾಡಿದ ಮೇಲೆ ಗಾಳಿಗೆ ದಾರಿ ಮಾಡಲೇಬೇಕು. ಅಡುಗೆಮನೆಗೂ ಬಚ್ಚಲಿಗೂ ಸದಾ ನಿಧಾನವಾಗಿ ಓಡುವ ಫ್ಯಾನ್ ಹಾಕಿಸಿದೆವು. ಇದರಿಂದ ಇಪಿಸಿ ಅಂಕ ಏರುವುದಿಲ್ಲ. ಆದರೂ ಇದನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2020ರಲ್ಲಿ ರಾಚ್‌ಡೇಲ್‌ನಲ್ಲಿ ಆವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದ ತೀರಿಕೊಂಡಿತು. ನಮ್ಮ ಹಿಂದಿನ ರೂಮಿನಲ್ಲೂ ಒಂದು ಮಗು ಮಲಗುತ್ತದೆ.

ಖರ್ಚಿನ ಬಗ್ಗೆ ಒಂದು ಮಾತು. ಇನ್ಸುಲೇಷನ್ ಮತ್ತು ಹೀಟಿಂಗ್ ಕಂಟ್ರೋಲ್‌ಗಳನ್ನು ಕಾಂಟ್ರಾಕ್ಟರ್ ತಂದು ಹಾಕಿಕೊಟ್ಟರೆ 2027ರ ಮಾರ್ಚ್ ಕೊನೆಯ ತನಕ ವ್ಯಾಟ್ ಸೊನ್ನೆ. ಅದೇ ವಸ್ತುವನ್ನು ನೀವೇ ಅಂಗಡಿಯಿಂದ ತಂದರೆ ಶೇ 20. ನಮಗೆ ಬಂದ ಒಂದು ಕೊಟೇಶನ್‌ನಲ್ಲಿ ವ್ಯಾಟ್ ಸೇರಿಸಿಬಿಟ್ಟಿದ್ದರು. ಕೇಳಿದ ಮೇಲೆ ತೆಗೆದರು. ಕೊಟೇಶನ್ ಬಂದ ಕೂಡಲೇ ಆ ಸಾಲನ್ನು ನೋಡಿ.

ಕರೆಂಟಿನಲ್ಲಿ ಬಿಸಿಯಾಗುವ ಫ್ಲಾಟ್ ಇದ್ದವರಿಗೆ ನನ್ನ ಕಥೆ ಪೂರ್ತಿ ಹೊಂದುವುದಿಲ್ಲ. ಅಂಕ ಖರ್ಚಿನ ಮೇಲೆ ನಿಂತಿರುವುದರಿಂದ, ಗೋಡೆ ಚೆನ್ನಾಗಿದ್ದರೂ ಗೋಡೆಗೆ ತಗುಲಿಸಿದ ಮಾಮೂಲಿ ಪ್ಯಾನೆಲ್ ಹೀಟರ್ ಅಂಕವನ್ನು ಎಳೆದು ಹಾಕುತ್ತದೆ. ಕರೆಂಟ್ ದರ ಗ್ಯಾಸಿಗಿಂತ ಹಲವು ಪಟ್ಟು ಜಾಸ್ತಿ, ಅದಕ್ಕೆ. ರಾತ್ರಿಯ ಅಗ್ಗದ ಕರೆಂಟಿನಲ್ಲಿ ಶಾಖ ತುಂಬಿಕೊಂಡು ಹಗಲು ಬಿಡುವ ಹೊಸ ಬಗೆಯ ಸ್ಟೋರೇಜ್ ಹೀಟರ್ ಹಾಕಿದರೆ ಎಷ್ಟು ಏರುತ್ತದೆ ಎಂದು ನಿಮ್ಮ ಅಸೆಸರ್ ಹತ್ತಿರ ಮೊದಲೇ ಲೆಕ್ಕ ಹಾಕಿಸಿ.

ಬೆಂಗಳೂರಿನಿಂದ ಮನೆ ನೋಡಿಕೊಳ್ಳುವವರು ಏಜೆಂಟರಿಗೆ "ಇಪಿಸಿ ಮಾಡಿಸಿ" ಎಂದಷ್ಟೇ ಬರೆದರೆ, ಅವರು ಯಾರನ್ನೋ ಕಳಿಸುತ್ತಾರೆ, ಆ ವ್ಯಕ್ತಿ ಕಾಗದವೇನೂ ಇಲ್ಲದೆ ಊಹೆಗಳನ್ನೇ ತುಂಬಿಕೊಂಡು ಹೋಗುತ್ತಾರೆ. ನಿಮ್ಮ ಹತ್ತಿರ ಇರುವ ಬಿಲ್‌ಗಳನ್ನು ಮೊದಲು ಇಮೇಲ್ ಮಾಡಿ. ಅಸೆಸರ್ ಬರುವ ವಿಷಯ ಬಾಡಿಗೆದಾರರಿಗೆ ಕನಿಷ್ಠ 24 ಗಂಟೆ ಮುಂಚೆ ತಿಳಿಸಿದ್ದಾರಾ ಕೇಳಿ. ಕೆಲಸ ಏಜೆಂಟರದ್ದಾದರೂ ಹೊಣೆ ನಿಮ್ಮದೇ.

ಕೊನೆಯ ಅಳತೆಯಲ್ಲಿ ನಮ್ಮ ಮನೆಗೆ 70 ಬಂತು. ಸಿ. ಇಪಿಸಿಯ ಒಂದು ಪ್ರತಿಯನ್ನು ಬಾಡಿಗೆದಾರರಿಗೆ ಕೊಟ್ಟು, ಹೊಸ ವಾಲ್ವ್‌ಗಳನ್ನು ಹೇಗೆ ತಿರುಗಿಸಬೇಕು, ಫ್ಯಾನ್ ಯಾಕೆ ಆರಿಸಬಾರದು ಎಂದು ರೂಮು ರೂಮಿಗೆ ಹೋಗಿ ತೋರಿಸಿ ಬಂದೆ. ಬೀದಿಯ ಕಡೆಯ ಚಿತ್ತಾರದ ಗೋಡೆಯನ್ನು ಮುಟ್ಟಿಲ್ಲ. ಬಾಯ್ಲರ್ ಆಯಸ್ಸು ಮುಗಿದಾಗ, ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ತರುವ ಹೀಟ್ ಪಂಪ್ ಹಾಕಿಸುವ ಯೋಚನೆ ಇದೆ. ಅದಕ್ಕೆ ಈಗ 7,500 ಪೌಂಡ್ ಸರ್ಕಾರಿ ನೆರವು ಸಿಗುತ್ತದೆ, ಬಾಡಿಗೆಗೆ ಕೊಡುವವರಿಗೂ. ಹೊಸ ಇಪಿಸಿಯೂ ಈಗ ಕೈಯಲ್ಲಿದೆ.