ಅಮೆರಿಕದ ಆಂಪ್ಲಿಫೈಯರ್‌ಗೆ ಮೈಸೂರಿನ ಕರೆಂಟು

ನ್ಯೂಜೆರ್ಸಿಯಿಂದ ಆಂಪ್ಲಿಫೈಯರ್ (ಆಂಪ್), ಎಲ್‌ಪಿ ತಟ್ಟೆ ನುಡಿಸುವ ಟರ್ನ್‌ಟೇಬಲ್ ಕಟ್ಟಿಕೊಂಡು ಊರಿಗೆ ವಾಪಸಾಗುವ ಗೆಳೆಯರೆಲ್ಲ ನನ್ನನ್ನು ಕೇಳುವುದು ಒಂದೇ: "ಒಂದು ಸ್ಟೆಪ್‌ಡೌನ್ ತಗೊಂಡ್ರೆ ಸಾಕಲ್ವಾ?" ಅಲ್ಲಿ 120 ವೋಲ್ಟ್, 60 ಹರ್ಟ್ಜ್. ಇಲ್ಲಿ 230 ವೋಲ್ಟ್, 50 ಹರ್ಟ್ಜ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಜನ್ನು (ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಹೊಡೆಯುತ್ತದೆ ಎಂಬುದನ್ನು) ಮುಟ್ಟುವುದಿಲ್ಲ. ನಿಜವಾದ ತೊಂದರೆ ಇರುವುದೇ ಈ ಹರ್ಟ್ಜಿನಲ್ಲಿ.

ಹಾಗಾಗಿ ಮೊದಲು ಹಿಂಬದಿಯ ಫಲಕ ಓದಿ. 50/60 ಹರ್ಟ್ಜ್ ಎಂದಿದ್ದರೆ ಹರ್ಟ್ಜಿನ ಮಟ್ಟಿಗೆ ನಿರಾಳ. ಬರೀ 60 ಎಂದಿದ್ದರೆ, ಅದೇ ವೋಲ್ಟೇಜಿನಲ್ಲಿ 50 ಹರ್ಟ್ಜ್ ಕೊಟ್ಟಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಕೋರ್‌ನಲ್ಲಿ ಕಾಂತಪ್ರವಾಹ ಶೇ. 20ರಷ್ಟು ಏರುತ್ತದೆ. ಕೋರ್ ಅದನ್ನು ಹಿಡಿಸಲಾರದೆ ಗುಂಯ್ಗುಡುತ್ತದೆ, ಬಿಸಿಯಾಗುತ್ತದೆ. ಇಷ್ಟಪಟ್ಟು ಕೊಂಡ ಆಂಪ್ ಆದರೆ 230 ವೋಲ್ಟ್, 50 ಹರ್ಟ್ಜಿನ ಹೊಸ ಟ್ರಾನ್ಸ್‌ಫಾರ್ಮರನ್ನೇ ಹಾಕಿಸಿ.

50/60 ಹರ್ಟ್ಜ್ ಒಪ್ಪುವ ಒಳ್ಳೆಯ ಆಂಪ್‌ಗಳಲ್ಲಿ ಅನೇಕ ಸಲ ಇಷ್ಟು ಖರ್ಚು ಬೇಕಾಗುವುದಿಲ್ಲ. ಒಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ 120 ವೋಲ್ಟಿನ ಎರಡು ಪ್ರೈಮರಿ (ಕರೆಂಟು ಒಳಬರುವ ಕಡೆಯ) ಸುತ್ತುಗಳಿರುತ್ತವೆ. ಅಮೆರಿಕದಲ್ಲಿ ಅವು ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿದವು. ಇಲ್ಲಿಗೆ ಅವನ್ನು ಸೀರೀಸ್ ಮಾಡಬೇಕು, ಅಂದರೆ ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸಬೇಕು. ದಿಕ್ಕು ತಪ್ಪಿದರೆ ಎರಡು ಸುತ್ತುಗಳೂ ಒಂದನ್ನೊಂದು ರದ್ದುಮಾಡಿ ಹೆಚ್ಚುಕಡಿಮೆ ಶಾರ್ಟ್ ಆದಂತೆಯೇ. ಆದ್ದರಿಂದ ವೈರಿನ ಬಣ್ಣ ನೋಡಿ ಊಹಿಸಬೇಡಿ, ಸರ್ವಿಸ್ ಮ್ಯಾನ್ಯುಯಲ್ ತರಿಸಿಕೊಳ್ಳಿ. ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕೀಳಿ; ತೆಗೆದ ಮೇಲೆ, ಏನನ್ನೂ ಮುಟ್ಟುವ ಮುನ್ನ, ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಇಳಿದಿದೆಯೇ ಎಂದು ಮೀಟರ್ ಇಟ್ಟು ನೋಡಿ. ವಾಲ್ವ್ (ಗಾಜಿನ ಕೊಳವೆಯ) ಆಂಪ್‌ನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ. ಈ ಕೆಲಸ ರೂಢಿಯಿಲ್ಲದವರು ಮ್ಯಾನ್ಯುಯಲ್ ಸಮೇತ ನುರಿತ ಟೆಕ್ನಿಷಿಯನ್‌ಗೆ ಕೊಡಿ.

ಕೊಟ್ಟರೂ ಮೂರು ವಿಷಯ ನೀವೇ ಕೇಳಿ. ಫ್ಯೂಸ್ ಬದಲಾಯಿತೇ? ವೋಲ್ಟೇಜ್ ಇಮ್ಮಡಿಯಾದಾಗ ಕರೆಂಟು ಅರ್ಧ, ಹಾಗಾಗಿ 5 ಆಂಪಿಯರ್ ಇದ್ದ ಕಡೆ ಸಾಮಾನ್ಯವಾಗಿ 2.5, ಅದೂ ನಿಧಾನಕ್ಕೆ ಸುಡುವ ಸ್ಲೋ-ಬ್ಲೋ. ಸ್ಟ್ಯಾಂಡ್‌ಬೈಗೆಂದು ಬೇರೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನೂ ಬದಲಿಸಿದರೇ? ದೊಡ್ಡದನ್ನು ಸರಿಮಾಡಿ ಇದನ್ನು ಮರೆಯುವವರಿದ್ದಾರೆ. ಮೂರನೆಯದು ಕರೆಂಟು ಒಳಬರುವ ಜಾಗದ ವೇರಿಸ್ಟರ್, ಅಂದರೆ ವೋಲ್ಟೇಜ್ ಹಠಾತ್ತನೆ ಏರಿದರೆ ಕಾಪಾಡುವ ಭಾಗ. 120ರ ಲೆಕ್ಕದಲ್ಲಿ ಹಾಕಿದ್ದು 230ಕ್ಕೆ ಸಿಡಿಯುತ್ತದೆ. 275 ವೋಲ್ಟಿನದು, ನಮ್ಮಲ್ಲಿ ಲೈನ್ ಏರುವ ಕಡೆ 300ರದು ಬೇಕು. ಅಲ್ಲೇ ಇರುವ ಕೆಪಾಸಿಟರಿನ ಮೇಲೆ ಬರೆದಿರುವ ವೋಲ್ಟೇಜನ್ನೂ ಓದಿ.

ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡ್ (ಆಂಪ್‌ಗೆ ಹೋಗುವ ಕರೆಂಟನ್ನು ಬಲ್ಬಿನ ಮೂಲಕ ಹಾಯಿಸುವ ಹಲಗೆ) ಇಲ್ಲದೆ ಮಾಡಲೇಬೇಡಿ. ನಮ್ಮ ಎಲೆಕ್ಟ್ರಿಷಿಯನ್‌ಗಳ ಈ ಪದ್ಧತಿಯಷ್ಟು ನಂಬಿಕಸ್ತ ಉಪಾಯ ನಾನು ಬೇರೆ ಕಂಡಿಲ್ಲ. ಫೇಸ್ ವೈರಿನ ದಾರಿಯಲ್ಲಿ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಬರಬೇಕು (ಎಲ್‌ಇಡಿ ನಡೆಯದು), ವಾಲ್ವ್ ಅಲ್ಲದ ಆಂಪ್ ಆದರೆ ಸ್ಪೀಕರ್ ಕಳಚಿರಬೇಕು. ಬಲ್ಬು ಒಮ್ಮೆ ಝಗ್ಗೆಂದು ಹತ್ತಿ ಮಂಕಾದರೆ ಕ್ಷೇಮ. ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ. ಕ್ಲಾಸ್ ಎ ಮತ್ತು ವಾಲ್ವ್ ಆಂಪ್‌ಗಳು ಸುಮ್ಮನಿದ್ದಾಗಲೂ ಕರೆಂಟು ಎಳೆಯುವುದರಿಂದ ಅಲ್ಲಿ ಬಲ್ಬು ಅರೆಬೆಳಕಲ್ಲಿ ನಿಂತರೆ ಗಾಬರಿ ಬೇಡ. ಬಲ್ಬು ತೆಗೆದ ಮೇಲೆ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ಅಳೆಯಿರಿ, ಕೆಲವು ಹತ್ತು ಮಿಲಿವೋಲ್ಟ್ ಮೀರಿದರೆ ಸ್ಪೀಕರ್ ಸಿಕ್ಕಿಸಬೇಡಿ.

ಟರ್ನ್‌ಟೇಬಲ್ ಕಥೆಯೇ ಬೇರೆ. ಬೆಲ್ಟಿನಲ್ಲಿ ತಿರುಗುವ, ನೇರ ಎಸಿ ಮೋಟಾರಿನ ಮಾದರಿಗಳ ವೇಗ ಹರ್ಟ್ಜಿಗೆ ಕಟ್ಟುಬಿದ್ದದ್ದು. ನಿಮಿಷಕ್ಕೆ 33⅓ ಸುತ್ತು ಬರಬೇಕಾದದ್ದು ಇಲ್ಲಿ ಸುಮಾರು 27.8ಕ್ಕೆ ಇಳಿಯುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚೇ ಕುಸಿದು, ಹಾರ್ಮೋನಿಯಂ ಲೆಕ್ಕದ ಕಪ್ಪು ಒಂದರಲ್ಲಿ ಹಾಡಿದ್ದು ಮಂದ್ರದ ಕಪ್ಪು ಐದರ ಹತ್ತಿರ ಕೇಳಿಸುತ್ತದೆ. ಯಾವ ಸ್ಟೆಪ್‌ಡೌನ್ ಕೂಡ ಇದನ್ನು ಸರಿಮಾಡದು. 1.2 ಪಟ್ಟು ವ್ಯಾಸದ 50 ಹರ್ಟ್ಜಿನ ಪುಲ್ಲಿಯನ್ನು ತಯಾರಕರಿಂದ ತರಿಸಿ. ಮೋಟಾರಿನ ವೋಲ್ಟೇಜ್ ಬೇರೆಯಾಗಿ ನೋಡಿ. ವೇಗವನ್ನು ತನ್ನೊಳಗಿನ ಹರಳಿನಿಂದಲೇ ಕಾಯ್ದುಕೊಳ್ಳುವ (ಕ್ವಾರ್ಟ್ಜ್ ಲಾಕ್), ಬೆಲ್ಟಿಲ್ಲದ ಡೈರೆಕ್ಟ್ ಡ್ರೈವ್‌ಗೆ ಈ ಪುಲ್ಲಿಯ ಗೊಡವೆಯಿಲ್ಲ.

ಒಳಗಿನ ಬದಲಾವಣೆ ಸಾಧ್ಯವೇ ಇಲ್ಲದಿದ್ದರೆ ಮಾತ್ರ, 50 ಹರ್ಟ್ಜ್ ಒಪ್ಪುವ ಸಾಧನಕ್ಕೆ ಸ್ಟೆಪ್‌ಡೌನ್. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ವಿಚಾರಿಸುವಾಗ ಫಲಕದ ವ್ಯಾಟಿಗಿಂತ ಕನಿಷ್ಠ ಎರಡು ಪಟ್ಟು ವಿಎ (ವೋಲ್ಟ್-ಆಂಪಿಯರ್, ಸ್ಟೆಪ್‌ಡೌನ್‌ನ ಸಾಮರ್ಥ್ಯ), ಪ್ರತ್ಯೇಕ ಸುತ್ತುಗಳ ಐಸೊಲೇಷನ್ ಮಾದರಿ, ಔಟ್‌ಪುಟ್ ಸಾಕೆಟ್ಟಿನಲ್ಲಿ ನಿಜವಾದ ಅರ್ತ್, ಈ ಮೂರನ್ನೂ ಬಾಯಿಬಿಟ್ಟು ಕೇಳಿ. ಪ್ರವಾಸಕ್ಕೆಂದು ಮಾರುವ ಅಂಗೈಯಗಲದ ಕನ್ವರ್ಟರನ್ನು ಆಂಪ್‌ನ ಹತ್ತಿರವೂ ತರಬೇಡಿ.