ಚಾರಿಟಿ ಸೈಕಲ್ ಸವಾರಿಗೆ ದೇಣಿಗೆ ಕೂಡಿಸುವುದು ಹೇಗೆ

ಮೂರು ತಿಂಗಳು ಬೆವರು ಸುರಿಸಿ ತರಬೇತಿ ಮಾಡುವ ಸವಾರರು ಹಣ ಸಂಗ್ರಹಕ್ಕೆ ಕೊನೆಯ ಎರಡು ವಾರ ಉಳಿಸಿಕೊಳ್ಳುತ್ತಾರೆ. ಗುರಿ ಮುಟ್ಟದೇ ಹೋಗುವುದು ಹೆಚ್ಚಾಗಿ ಇದರಿಂದಲೇ. ಡಿಸೆಂಬರ್‌ನಲ್ಲಿ ಸವಾರಿ ಇದ್ದರೆ ಸೆಪ್ಟೆಂಬರ್‌ನಲ್ಲಿ ಕೇಳಲು ಶುರುಮಾಡಿ. 2008ರಿಂದ ನಡೆದು ಬಂದಿರುವ ಟೂರ್ ಆಫ್ ನೀಲಗಿರಿಸ್‌ನಂಥ ದಿನಗಟ್ಟಲೆಯ ಸವಾರಿಗೂ, ಊರಿನ ಸುತ್ತ ನಡೆಯುವ ಒಂದೇ ದಿನದ 100 ಕಿಲೋಮೀಟರ್ ಸವಾರಿಗೂ ಕೆಲಸದ ಕ್ರಮ ಒಂದೇ. ಮುಖ್ಯವಾದ ಮಾತು ಎರಡು: ದುಡ್ಡು ನಿಮ್ಮ ಖಾತೆಯನ್ನು ಮುಟ್ಟಬಾರದು, ಮತ್ತು ಒಬ್ಬೊಬ್ಬರನ್ನೇ ಮೊತ್ತ ಹೇಳಿ ಕೇಳಬೇಕು.

ಮೊದಲು ಟ್ರಸ್ಟಿನ ಕಾಗದ ನೋಡಿ

ನೀವು ಯಾರಿಗಾಗಿ ಕೇಳುತ್ತೀರೋ ಆ ಸಂಸ್ಥೆಯಿಂದ ನಾಲ್ಕು ವಿಷಯ ಬರವಣಿಗೆಯಲ್ಲಿ ತರಿಸಿಕೊಳ್ಳಿ: ಎನ್‌ಜಿಒ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್) ಸಂಖ್ಯೆ, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ಕೊಟ್ಟವರಿಗೆ ತೆರಿಗೆ ವಿನಾಯಿತಿ) ನೋಂದಣಿ ಪತ್ರಗಳು, ಟ್ರಸ್ಟಿನ ಹೆಸರಿನಲ್ಲೇ ಇರುವ ಯುಪಿಐ ಅಥವಾ ಬ್ಯಾಂಕ್ ವಿವರ, ಮತ್ತು ಸಾವಿರ ರೂಪಾಯಿಗೆ ನಿಜವಾಗಿ ಏನು ಆಗುತ್ತದೆ ಎಂಬ ಲೆಕ್ಕ. 80ಜಿ ಪತ್ರದಲ್ಲಿ ಅವಧಿ ಮುಗಿಯುವ ವರ್ಷವನ್ನು ಕಡ್ಡಾಯವಾಗಿ ನೋಡಿ. ಹಿಂದೆ ಸಿಕ್ಕ ನೋಂದಣಿ ಈಗಲೂ ನಡೆಯುತ್ತದೆ ಎಂದು ಸಂಸ್ಥೆಯವರೇ ನಂಬಿಕೊಂಡಿರುವುದುಂಟು. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದರಿಂದ ಕಲಂ ಮತ್ತು ಫಾರಂಗಳ ಸಂಖ್ಯೆ ಬದಲಾಗುತ್ತವೆ. ಜನರ ಬಾಯಲ್ಲಿರುವುದು 80ಜಿಯೇ, ಹಾಗಾಗಿ ಇಲ್ಲೂ ಅದೇ ಹೆಸರು ಇಟ್ಟುಕೊಂಡಿದ್ದೇವೆ.

ಹಣವನ್ನು ನಿಮ್ಮ ಗೂಗಲ್ ಪೇಗೆ ತರಿಸಿಕೊಂಡು ಆಮೇಲೆ ಒಟ್ಟಾಗಿ ಟ್ರಸ್ಟಿಗೆ ಕಳಿಸುವುದು ಸುಲಭ ಅನಿಸುತ್ತದೆ. ಹಾಗೆ ಮಾಡಿದರೆ ರಸೀದಿ ನಿಮ್ಮೊಬ್ಬರ ಹೆಸರಿಗೆ ಬರುತ್ತದೆ, ಕೊಟ್ಟ ಎಂಬತ್ತು ಜನರಿಗೆ ಏನೂ ಸಿಗುವುದಿಲ್ಲ. ನಿಮ್ಮ ಖಾತೆಗೆ ಬಂದ ಲಕ್ಷ ರೂಪಾಯಿಗೆ ನಾಳೆ ವಿವರಣೆ ಕೊಡಬೇಕಾದವರೂ ನೀವೇ. ಟ್ರಸ್ಟಿನ ಕ್ಯೂಆರ್ ಕೋಡ್ ತರಿಸಿ, ಮುದ್ರಿಸುವ ಮೊದಲು ಒಂದು ರೂಪಾಯಿ ಕಳಿಸಿ, ಪರದೆ ಮೇಲೆ ಟ್ರಸ್ಟಿನ ಹೆಸರೇ ಕಾಣುತ್ತದೆಯೇ ನೋಡಿ. ಜರ್ಸಿಯ ಮೇಲೆ ಕ್ಯೂಆರ್ ಅಚ್ಚು ಹಾಕಿಸಬೇಡಿ, ಬಟ್ಟೆ ಮಡಿಕೆ ಬಿದ್ದರೆ ಫೋನಿಗೆ ಓದಲಾಗುವುದಿಲ್ಲ. ಹೊಳಪಿಲ್ಲದ ದಪ್ಪ ಕಾರ್ಡ್ ಸಾಕು.

ಆನ್‌ಲೈನ್ ದೇಣಿಗೆ ವೇದಿಕೆ ಬಳಸುವುದಾದರೆ ಅವರ ಶುಲ್ಕ, ಆ ಶುಲ್ಕದ ಮೇಲಿನ ಜಿಎಸ್‌ಟಿ, ಹಣ ಟ್ರಸ್ಟಿಗೆ ತಲುಪುವ ದಿನ ಇವನ್ನು ಮೊದಲೇ ಕೇಳಿ. ಕೆಲವು ವೇದಿಕೆಗಳಲ್ಲಿ ‘ಟಿಪ್’ ಮೊದಲೇ ಸೇರಿಕೊಂಡಿರುತ್ತದೆ. ಅದನ್ನು ಸೊನ್ನೆ ಮಾಡಬಹುದೆಂದು ಕೊಡುವವರಿಗೆ ಹೇಳಿಬಿಡಿ. ಇಲ್ಲದಿದ್ದರೆ ಸಾವಿರ ಕೊಡಲು ಹೋದವರ ಖಾತೆಯಿಂದ ಹೆಚ್ಚು ಹಣ ಹೋಗಿ ಅವರಿಗೆ ನಿಮ್ಮ ಮೇಲೆ ಬೇಸರವಾಗುತ್ತದೆ.

ಗುರಿಯನ್ನು ಹೆಸರುಗಳಾಗಿ ಒಡೆಯಿರಿ

ಒಂದು ಲಕ್ಷ ರೂಪಾಯಿ ಎಂದರೆ ಭಯ. 5,000 ಕೊಡುವ 5 ಜನ, 2,000 ಕೊಡುವ 15 ಜನ, 1,000 ಕೊಡುವ 30 ಜನ, 500 ಕೊಡುವ 30 ಜನ ಎಂದರೆ ಅದೇ ಲಕ್ಷ. ಒಟ್ಟು 80 ಜನ. ಕೇಳಿದವರೆಲ್ಲ ಕೊಡುವುದಿಲ್ಲ, ಆದ್ದರಿಂದ ಪಟ್ಟಿಯಲ್ಲಿ 160 ಹೆಸರು ಇರಲಿ. ಫೋನಿನ ಸಂಪರ್ಕ ಪಟ್ಟಿ ತೆರೆದು ‘ಅ’ದಿಂದ ಕೆಳಗಿನವರೆಗೂ ಇಳಿದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ: ನೆಂಟರು, ಕಾಲೇಜಿನವರು, ಹಳೆಯ ಆಫೀಸಿನವರು, ಸೈಕಲ್ ಅಂಗಡಿಯವರು, ದಂತವೈದ್ಯರು, ಮಕ್ಕಳ ಶಾಲೆಯ ಪೋಷಕರು. ಪ್ರತಿ ಹೆಸರಿನ ಮುಂದೆ ಕೇಳುವ ಮೊತ್ತ, ಕೇಳಿದ ದಿನ, ಬಂದ ದಿನ, ಪ್ಯಾನ್ ಬಂತೇ, ಧನ್ಯವಾದ ಹೇಳಿದ್ದಾಯಿತೇ ಎಂಬ ಐದು ಕಾಲಂ.

ಮೊದಲ ದೇಣಿಗೆ ನಿಮ್ಮದೇ ಆಗಿರಲಿ. ಎರಡನೆಯದರಿಂದ ಆರನೆಯವರೆಗೆ ಮನೆಯವರು ಮತ್ತು ಆಪ್ತ ಗೆಳೆಯರು. ಸೊನ್ನೆ ತೋರಿಸುವ ಪುಟಕ್ಕೆ ಹೊರಗಿನವರು ಹಣ ಹಾಕಲು ಹಿಂಜರಿಯುತ್ತಾರೆ. ಪ್ರವೇಶ ಶುಲ್ಕ, ಸೈಕಲ್ ಸರ್ವಿಸ್, ಟಯರು, ಊಟ ವಸತಿ ಎಲ್ಲ ನಿಮ್ಮ ಜೇಬಿನಿಂದ ಎಂಬುದನ್ನು ಮೊದಲ ಸಾಲುಗಳಲ್ಲೇ ಹೇಳಿ. ‘ನಿನ್ನ ಟೂರಿಗೆ ನಾವ್ಯಾಕೆ ದುಡ್ಡು ಕೊಡಬೇಕು’ ಎಂಬ ಪ್ರಶ್ನೆ ಬಾಯಿಬಿಟ್ಟು ಕೇಳದವರ ಮನಸ್ಸಿನಲ್ಲೂ ಇರುತ್ತದೆ.

ಕೇಳುವ ಮಾತು

ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಪೋಸ್ಟರ್ ಹಾಕಿ ಸುಮ್ಮನಾಗುವುದು ಎಲ್ಲರೂ ಮಾಡುವ ಕೆಲಸ. ಅದಕ್ಕೆ ಹೆಬ್ಬೆರಳಿನ ಗುರುತು ಬರುತ್ತದೆ, ಹಣ ಬರುವುದಿಲ್ಲ. ಹಿರಿಯರಿಗೆ ಫೋನ್ ಮಾಡಿ ಮಾತಾಡಿ, ಆಮೇಲೆ ಲಿಂಕ್ ಕಳಿಸಿ. ಉಳಿದವರಿಗೆ ಹೆಸರು ಹಾಕಿ ಬರೆದ ಸಂದೇಶ. ಮಾದರಿ ಹೀಗಿರಲಿ:

‘ಚಿಕ್ಕಪ್ಪ, ನಮಸ್ಕಾರ. ಡಿಸೆಂಬರ್‌ನಲ್ಲಿ ನೀಲಗಿರಿಗೆ ಸೈಕಲ್‌ನಲ್ಲಿ ಹೊರಟಿದ್ದೇನೆ. ಸರ್ಕಾರಿ ಹೈಸ್ಕೂಲು ಮಕ್ಕಳಿಗೆ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುವ ಟ್ರಸ್ಟಿಗೆ ಒಂದು ಲಕ್ಷ ಕೂಡಿಸುತ್ತಿದ್ದೇನೆ. ಸವಾರಿಯ ಖರ್ಚೆಲ್ಲ ನನ್ನದೇ, ನಾನು ಮೊದಲು 5,001 ಹಾಕಿದ್ದೇನೆ. ನಿಮ್ಮಿಂದ 2,001 ಆಗುತ್ತದೆಯೇ? ಹಣ ನೇರ ಟ್ರಸ್ಟಿನ ಖಾತೆಗೇ ಹೋಗುತ್ತದೆ. ರಸೀದಿಗೆ ಪ್ಯಾನ್ ಹಾಕಿ. ಅಕ್ಟೋಬರ್ 10ರೊಳಗೆ ಆದರೆ ಅನುಕೂಲ. ಈಗ ಆಗದಿದ್ದರೂ ಬೇಸರವಿಲ್ಲ, ಒಂದು ಮಾತು ತಿಳಿಸಿ.’

ಮೊತ್ತ ಹೇಳದೆ ‘ನಿಮ್ಮ ಕೈಲಾದಷ್ಟು’ ಎಂದರೆ ಜನ ಎಷ್ಟು ಕೊಟ್ಟರೆ ಸರಿ ಎಂದು ಯೋಚಿಸುತ್ತಲೇ ಮುಂದೂಡುತ್ತಾರೆ. ನಮ್ಮಲ್ಲಿ ಮುಯ್ಯಿ ಕೊಡುವಾಗ ಒಂದು ರೂಪಾಯಿ ಸೇರಿಸುವ ರೂಢಿಯಿದೆ. 501, 1,001, 2,001 ಎಂದು ಕೇಳಿದರೆ ಹಿರಿಯರಿಗೆ ಅದು ಸಹಜವಾಗಿ ಒಪ್ಪುತ್ತದೆ. ಸಂಬಳ ಬಿದ್ದ ಮೊದಲ ವಾರದಲ್ಲಿ ಕೇಳಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ, ಸವಾರಿಯ ವಾರದಲ್ಲಿ ಇನ್ನೊಮ್ಮೆ ನೆನಪಿಸಿ. ಮೂರನೆಯ ಸಲ ಬೇಡ.

ಕಿಲೋಮೀಟರಿಗೆ ಹತ್ತು ರೂಪಾಯಿ ಎಂಬ ಬಗೆಯ ಮಾತು ಕೇಳಲು ಚೆಂದ. ಆದರೆ ಸವಾರಿ ಮುಗಿದ ಮೇಲೆ ವಸೂಲಿಗೆ ಅಲೆಯಬೇಕು, ಮಳೆಗೆ ದಾರಿ ಮೊಟಕಾದರೆ ಮಕ್ಕಳಿಗೆ ಸೇರಬೇಕಾದ ಹಣವೂ ಮೊಟಕು. ಅದರ ಬದಲು ತಿರುವುಗಳನ್ನು ಹಂಚಿ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಒಂದೊಂದು ತಿರುವಿಗೆ 1,001ರಂತೆ 36 ಜನರ ಹೆಸರು ಬರೆದರೆ 36,036 ರೂಪಾಯಿ, ಅದೂ ಮುಂಗಡವಾಗಿ. ಹೆಸರಿನ ಪಟ್ಟಿಯನ್ನು ಹ್ಯಾಂಡಲ್‌ಗೆ ಅಂಟಿಸಿಕೊಂಡು ಹತ್ತಿ, ಘಾಟಿ ಮೇಲೆ ತಲುಪಿದಾಗ ಫೋಟೊ ಕಳಿಸಿ. ನಿಮ್ಮ ಸವಾರಿ ಆಗುಂಬೆ ಕಡೆಯಾದರೆ ಅಲ್ಲಿನ 14 ತಿರುವುಗಳಿಗೆ ಮೊತ್ತ ಹೆಚ್ಚಿಸಿ.

ಅಪಾರ್ಟ್‌ಮೆಂಟಿನಲ್ಲಿ ಒಂದು ಬೆಳಗ್ಗೆ

ಪರಿಚಯವಿಲ್ಲದವರಿಂದ ಹಣ ತರುವ ಒಳ್ಳೆಯ ದಾರಿ ಇದು. ಬೇಕಾದದ್ದು ಎರಡು ಇಂಡೋರ್ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡ್), ಅದಕ್ಕೆ ಎರಡು ಸೈಕಲ್, ಎರಡು ಟೇಬಲ್ ಫ್ಯಾನ್, ಟವೆಲ್, ಕ್ಯೂಆರ್ ಕಾರ್ಡ್, ಹೆಸರು ಬರೆಯಲು ಬೋರ್ಡ್. ಸಂಘದ ಕಾರ್ಯದರ್ಶಿಯ ಒಪ್ಪಿಗೆ ಲಿಖಿತವಾಗಿ ಪಡೆದು, ಭಾನುವಾರ 7ರಿಂದ 10ರವರೆಗೆ ಇಡಿ. ಎರಡು ನಿಮಿಷದಲ್ಲಿ ಯಾರು ಹೆಚ್ಚು ದೂರ ತುಳಿಯುತ್ತಾರೆ ಎಂಬ ಸ್ಪರ್ಧೆ, ತಲೆಗೆ 200 ರೂಪಾಯಿ. ಸೀಟು ಸರಿಮಾಡುವುದು, ಹತ್ತಿಸುವುದು, ಇಳಿಸುವುದು ಸೇರಿ ಒಬ್ಬರಿಗೆ ಹತ್ತು ನಿಮಿಷ ಹಿಡಿಯಿರಿ. ಒಂದು ಸೈಕಲ್‌ಗೆ ಗಂಟೆಗೆ 6 ಜನ, ಎರಡು ಸೈಕಲ್‌ಗೆ ಮೂರು ಗಂಟೆಯಲ್ಲಿ 36 ಜನ, 7,200 ರೂಪಾಯಿ. ಹೆಚ್ಚು ದೂರ ತುಳಿದವರ ಹೆಸರು ಬೋರ್ಡಿನ ಮೇಲಿದ್ದರೆ ಸೋತವರು ಮತ್ತೆ 200 ಕೊಟ್ಟು ಹತ್ತುತ್ತಾರೆ.

ಇಲ್ಲಿ ಕೆಡುವುದು ಸಣ್ಣ ಸಣ್ಣ ಸಂಗತಿಗಳಿಂದ. ಕ್ಲೀಟ್ ಪೆಡಲ್ (ವಿಶೇಷ ಶೂ ಸಿಕ್ಕಿಸಿ ತುಳಿಯುವ ಪೆಡಲ್) ಇದ್ದರೆ ಚಪ್ಪಲಿಯಲ್ಲಿ ಬಂದವರ ಕಾಲು ಜಾರುತ್ತದೆ, ಮಾಮೂಲಿ ಚಪ್ಪಟೆ ಪೆಡಲ್ ಹಾಕಿ. ಸೀಟ್ ಪೋಸ್ಟಿಗೆ ಕೈಯಿಂದಲೇ ಸಡಿಲಿಸುವ ಕ್ವಿಕ್ ರಿಲೀಸ್ ಕ್ಲಾಂಪ್ ಇಲ್ಲದಿದ್ದರೆ ಪ್ರತಿಯೊಬ್ಬರಿಗೂ ಅಲೆನ್ ಕೀ ಹುಡುಕುತ್ತ ಅರ್ಧ ಬೆಳಗ್ಗೆ ಕಳೆಯುತ್ತದೆ. ಚಕ್ರವನ್ನು ಒತ್ತಿ ಹಿಡಿಯುವ ಬಗೆಯ ಟ್ರೈನರ್ ಆದರೆ ರಸ್ತೆಯ ಟಯರು ಬಿಸಿಗೆ ಸವೆಯುತ್ತದೆ, ಹಿಂದಿನ ಚಕ್ರಕ್ಕೆ ಟ್ರೈನರ್ ಟಯರು ಅಥವಾ ಬಿಸಾಡಬೇಕಾದ ಹಳೆಯ ಟಯರು ಹಾಕಿ. ಚಿಕ್ಕ ಮಕ್ಕಳ ಬೆರಳು ತಿರುಗುವ ಚಕ್ರದ ಹತ್ತಿರ ಹೋಗದಂತೆ ಒಬ್ಬರು ಅಲ್ಲೇ ನಿಂತಿರಲೇಬೇಕು. ಹಣ ಪಡೆದು ಲಕ್ಕಿ ಡ್ರಾ ಚೀಟಿ ಮಾರುವ ಯೋಚನೆ ಬಿಡಿ, ಅನುಮತಿಯಿಲ್ಲದ ಲಾಟರಿ ಕಾನೂನಿಗೆ ವಿರುದ್ಧ.

ಕಂಪನಿಗಳು, ವಿದೇಶದವರು

ಉದ್ಯೋಗಿಗಳು ಕೊಟ್ಟಷ್ಟೇ ಹಣವನ್ನು ತಾನೂ ಸೇರಿಸುವ ಪದ್ಧತಿ ನಿಮ್ಮ ಆಫೀಸಿನಲ್ಲಿ ಇದೆಯೇ ಎಂದು ಎಚ್‌ಆರ್‌ನವರನ್ನು ಮೊದಲ ವಾರದಲ್ಲೇ ಕೇಳಿ. ಟ್ರಸ್ಟನ್ನು ಅವರ ಪಟ್ಟಿಗೆ ಸೇರಿಸಲು ವಾರಗಳು ಹಿಡಿಯುತ್ತವೆ. ಸಿಎಸ್‌ಆರ್ ಹಣದಿಂದ, ಅಂದರೆ ಕಂಪನಿಗಳು ಕಾನೂನಿನಂತೆ ಸಮಾಜಸೇವೆಗೆ ಮೀಸಲಿಡುವ ಹಣದಿಂದ, ಜರ್ಸಿ ಪ್ರಾಯೋಜಿಸಿ ಎಂದು ಕೇಳಬೇಡಿ. ಮ್ಯಾರಥಾನ್‌ನಂಥ ಒಂದು ಸಲದ ಕಾರ್ಯಕ್ರಮಗಳಿಗೆ ಮಾಡಿದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಜರ್ಸಿಯ ಮೇಲೆ ಹೆಸರು ಬೇಕಾದರೆ ಅವರು ಜಾಹೀರಾತು ಬಜೆಟ್ಟಿನಿಂದ ಕೊಡಲಿ. ಸಿಎಸ್‌ಆರ್ ಬೇಕಾದರೆ ಟ್ರಸ್ಟಿನ ಯೋಜನೆಗೆ ನೇರ ಅರ್ಜಿ, ಜೊತೆಗೆ ಆ ಹಣ ಪಡೆಯಲು ಟ್ರಸ್ಟಿಗೆ ಬೇಕಾದ ಸಿಎಸ್‌ಆರ್-1 ನೋಂದಣಿ.

ಅಮೆರಿಕ, ದುಬೈ, ಸಿಂಗಪುರದಲ್ಲಿರುವ ಗೆಳೆಯರ ವಿಷಯದಲ್ಲಿ ಪಾಸ್‌ಪೋರ್ಟ್ ಯಾವುದು ಎಂಬುದೇ ಮುಖ್ಯ. ಭಾರತದ ಪೌರತ್ವ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ, ಟ್ರಸ್ಟು ಪಾಸ್‌ಪೋರ್ಟಿನ ಪ್ರತಿ ಪಡೆದಿಟ್ಟುಕೊಳ್ಳಬೇಕು. ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರು, ಕಾನೂನಿನ ಕಣ್ಣಿಗೆ ವಿದೇಶಿಯರು. ಅವರ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೆ, ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಊರಿನ ತಮ್ಮನ ಖಾತೆಗೆ ಕಳಿಸಿ ಅವನಿಂದ ಕೊಡಿಸುತ್ತೇನೆ ಎಂದರೆ ಕೈಮುಗಿದು ಬೇಡ ಎನ್ನಿ. ಆ ತಪ್ಪಿಗೆ ಟ್ರಸ್ಟಿನ ನೋಂದಣಿಯೇ ಹೋಗಬಹುದು.

ರಸೀದಿಯವರೆಗೆ

ತೆರಿಗೆ ಉಳಿಯುತ್ತದೆ ಎಂದು ಎಲ್ಲರಿಗೂ ಹೇಳಬೇಡಿ. 80ಜಿ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ, ಹೆಚ್ಚಿನ ಟ್ರಸ್ಟುಗಳಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ, ಅದೂ ಒಂದು ಮಿತಿಯೊಳಗೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ಸಿಗುವುದೇ ಇಲ್ಲ. ನಗದು ಕೊಡುವ ಹಿರಿಯರಿಗಾಗಿ ಟ್ರಸ್ಟಿನ ಕ್ರಮಸಂಖ್ಯೆಯುಳ್ಳ ರಸೀದಿ ಪುಸ್ತಕ ತಂದಿಟ್ಟುಕೊಳ್ಳಿ, ಮರುದಿನವೇ ಬ್ಯಾಂಕಿಗೆ ಕಟ್ಟಿ. ಅಜ್ಜಿಯ ಪರವಾಗಿ ಮೊಮ್ಮಗ ಯುಪಿಐ ಮಾಡಿದರೆ ರಸೀದಿ ಯಾರ ಹೆಸರಿಗೆ ಎಂದು ಆಗಲೇ ಕೇಳಿ ಬರೆದುಕೊಳ್ಳಿ.

ಸವಾರಿ ಮುಗಿದ ಮೇಲೂ ಎರಡು ವಾರ ಲಿಂಕ್ ತೆರೆದಿರಲಿ, ಫೋಟೊ ನೋಡಿ ಕೊಡುವವರು ಇದ್ದೇ ಇರುತ್ತಾರೆ. ಲಿಂಕ್ ಮುಚ್ಚಿದ ಎರಡು ದಿನದೊಳಗೆ ಪ್ರತಿಯೊಬ್ಬರಿಗೂ ಹೆಸರು ಹಾಕಿ ಧನ್ಯವಾದ, ಒಟ್ಟು ಮೊತ್ತ, ಟ್ರಸ್ಟಿನ ಸ್ವೀಕೃತಿ ಪತ್ರದ ಫೋಟೊ ಕಳಿಸಿ. ತೆರಿಗೆಗೆ ಬೇಕಾಗುವ ದೇಣಿಗೆ ಪ್ರಮಾಣಪತ್ರವನ್ನು, ಅಂದರೆ 1961ರ ಕಾಯ್ದೆಯ 10ಬಿಇ ಫಾರಂ ಅನ್ನು, ಆ ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಟ್ರಸ್ಟು ಕೊಡಬೇಕು. ಸವಾರಿ ಡಿಸೆಂಬರ್‌ನಲ್ಲಿ ಮುಗಿದಿದ್ದರೂ ಮೇ ಮಧ್ಯದಲ್ಲಿ ನಿಮ್ಮ ಪಟ್ಟಿ ತೆಗೆದು ಟ್ರಸ್ಟಿನ ಲೆಕ್ಕಿಗರ ಜೊತೆ ಕೂತು ಹೆಸರು, ಪ್ಯಾನ್, ಮೊತ್ತ ತಾಳೆ ನೋಡಿ. ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಪ್ರಮಾಣಪತ್ರ ಕೆಲಸಕ್ಕೆ ಬರುವುದಿಲ್ಲ. ಟ್ರಸ್ಟು ತಿದ್ದಿದ ವಿವರಪಟ್ಟಿ ಸಲ್ಲಿಸಿ ಅದನ್ನು ಸರಿಪಡಿಸಬಹುದು, ಆದರೆ ಕೊಟ್ಟವರು ರಿಟರ್ನ್ಸ್ ಸಲ್ಲಿಸುವ ಮೊದಲೇ ಆಗಬೇಕು.