ಖಾಲಿ ಗ್ಲಾಸಿನಲ್ಲಿ ಸಿಕ್ಕ ಕೊಬ್ಬರಿ ಮಿಠಾಯಿ

ಕೆಲಸಕ್ಕೆಂದು ಜಪಾನಿನ ನಾಗೋಯಾಕ್ಕೆ ಬಂದಾಗ ಗ್ರೇನ್ ವಿಸ್ಕಿಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮೊಳಕೆ ಬರಿಸಿದ ಬಾರ್ಲಿಯ ಮಾಲ್ಟ್ ಅಂದರೆ ಅಸಲಿ, ಮೆಕ್ಕೆಜೋಳದಂಥ ಧಾನ್ಯಗಳ ಗ್ರೇನ್ ಅಂದರೆ ಬ್ಲೆಂಡಿಗೆ (ಮಿಶ್ರ ವಿಸ್ಕಿಗೆ) ಬೆರೆಸೋ ಸರಕು ಅಂತಲೇ ನಂಬಿದ್ದೆ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಚಿತಾ ಪರ್ಯಾಯದ್ವೀಪ. ಸನ್ಟೋರಿ ಕಂಪನಿಯವರ ಗ್ರೇನ್ ವಿಸ್ಕಿ ಡಿಸ್ಟಿಲರಿ 1972ರಿಂದ ಅಲ್ಲಿದೆ. ಅಲ್ಲಿನ ವಿಸ್ಕಿಯ ಹೆಸರೂ ಚಿತಾ. ಮೊದಲ ಸಲ ಅದನ್ನು ಕುಡಿದದ್ದು ಸೋಡಾ ಹಾಕಿದ ಹೈಬಾಲ್ ಆಗಿ, ಸುಟ್ಟ ಕೋಳಿಯ ಜೊತೆ. ಹಗುರವಾಗಿತ್ತು, ಚೆನ್ನಾಗಿತ್ತು. ಅಷ್ಟೇ ಅನ್ನಿಸಿತು.

ಆಮೇಲೆ ಒಂದು ಬಾಟಲಿ ಮನೆಗೆ ತಂದೆ. ಹೊಗೆ ವಾಸನೆಯ ಮಾಲ್ಟ್ ಒಂದನ್ನು ಕುಡಿದು, ಅದರ ಹಿಂದೆಯೇ ಇದನ್ನು ಕುಡಿದೆ. ಏನೂ ಸಿಗಲಿಲ್ಲ. ತಪ್ಪು ಅಲ್ಲೇ ಆಗಿತ್ತು. ಖಾರದ ಊಟ ಮುಗಿಸಿ ಹಾಲು ಪಾಯಸದ ರುಚಿ ಹುಡುಕಿದ ಹಾಗೆ.

ಈಗ ಊಟಕ್ಕೆ ಮೊದಲೇ ಕೂರುತ್ತೇನೆ. ಬಾಯಿ ಕಿರಿದಾದ ಗ್ಲಾಸಿಗೆ 20 ಮಿ.ಲೀ. ಹಾಕಿ, ಹತ್ತು ನಿಮಿಷ ಸುಮ್ನೆ ಬಿಡುತ್ತೇನೆ. ಬಾಯಿ ಸ್ವಲ್ಪ ತೆರೆದುಕೊಂಡೇ ಮೂಗು ಹತ್ತಿರ ತರಬೇಕು, ಆಗ ಘಾಟು ಅಷ್ಟು ಹೊಡೆಯೋದಿಲ್ಲ. ಚಿತಾದಲ್ಲಿ ನನಗೆ ಮೊದಲು ಬಂದದ್ದು ಜೇನು. ಅದರ ಹಿಂದೆ, ಡಬ್ಬಿ ಮುಚ್ಚಳ ಈಗಷ್ಟೇ ತೆಗೆದ ಹಾಗೆ, ಏಲಕ್ಕಿ! ಆ ಸಂಜೆ ನಾನು ಕುಡಿಯೋದನ್ನೇ ಮರೆತು ಮೂಸುತ್ತಾ ಕೂತಿದ್ದೆ.

ಎರಡನೆಯ ಪಾಠ ಕಲಿಸಿದ್ದು ಜಪಾನಿನ ಇನ್ನೊಂದು ಕಂಪನಿ ನಿಕ್ಕಾದ ಗ್ರೇನ್ ವಿಸ್ಕಿ, ನಿಕ್ಕಾ ಕಾಫಿ ಗ್ರೇನ್. ಇದು ನಾವು ಕುಡಿಯೋ ಕಾಫಿಯಲ್ಲ. 1830ರಲ್ಲಿ, ಇದನ್ನು ಇಳಿಸೋ ಬಗೆಯ ಕಾಲಮ್ (ಕಂಬದಂಥ ಎತ್ತರದ) ಭಟ್ಟಿಗೆ ಪೇಟೆಂಟ್ ಪಡೆದ ಐರ್ಲೆಂಡಿನ ಏನಿಯಸ್ ಕಾಫಿಯವರ ಹೆಸರು. ನಿಕ್ಕಾದವರು 1963ರಲ್ಲಿ ಸ್ಕಾಟ್ಲೆಂಡಿನಿಂದ ತರಿಸಿದ ಇಂಥ ಭಟ್ಟಿ ಈಗ ಸೆಂಡೈ ಹತ್ತಿರದ ಮಿಯಾಗಿಕ್ಯೋದಲ್ಲಿದೆ. ಹಳೇ ಕಾಲದ್ದು, ಹಾಗಾಗಿ ಧಾನ್ಯದ ರುಚಿಯನ್ನು ಪೂರ್ತಿ ತೊಳೆದು ಹಾಕೋದಿಲ್ಲ. ಚಿತಾದಲ್ಲಿ ಎರಡು, ಮೂರು, ನಾಲ್ಕು ಕಾಲಮ್‌ಗಳಲ್ಲಿ ಹಾಯಿಸಿ ಮೂರು ಬಗೆ ಮಾಡುತ್ತಾರೆ. ಕಾಲಮ್ ಜಾಸ್ತಿ ಆದಷ್ಟೂ ವಿಸ್ಕಿ ತಿಳಿ. ಗಟ್ಟಿ ಸಾರಿಗೂ ತಿಳಿಸಾರಿಗೂ ಇರೋ ವ್ಯತ್ಯಾಸ ಅಂದುಕೊಳ್ಳಿ. ಬಾಟಲಿಗೆ ಬರೋದು ಇವುಗಳ ಮಿಶ್ರಣ.

ಎರಡೂ ಮುಖ್ಯವಾಗಿ ಮೆಕ್ಕೆಜೋಳದಿಂದಲೇ ಆದವು. ಆದರೂ ಪಕ್ಕಪಕ್ಕ ಇಟ್ಟರೆ ಅಣ್ಣ ತಮ್ಮ ಅನ್ನೋದೂ ಕಷ್ಟ. ನಿಕ್ಕಾದ್ದು ನಾಲಿಗೆ ಮೇಲೆ ಎಣ್ಣೆಯ ಹಾಗೆ ಹರಡುತ್ತದೆ, ಬಾಳೆಹಣ್ಣು, ವೆನಿಲ್ಲಾ. ಅದರಲ್ಲಿ ಆಲ್ಕೋಹಾಲ್ 45%, ಚಿತಾದಲ್ಲಿ 43%. ನಿಕ್ಕಾಗೆ ಅರ್ಧ ಚಮಚ ನೀರು ಹಾಕಿದರೆ ಇನ್ನೂ ಬಿಚ್ಚಿಕೊಳ್ಳುತ್ತದೆ. ಚಿತಾಗೆ ನಾಲ್ಕೇ ಹನಿ. ಜಾಸ್ತಿಯಾದರೆ ಏಲಕ್ಕಿ ಹೋಗಿಬಿಡುತ್ತದೆ. ಐಸ್ ಬೇಡವೇ ಬೇಡ, ಅದು ಹೈಬಾಲಿಗಿರಲಿ.

ಒಂದು ರಾತ್ರಿ ನಿಕ್ಕಾದ ಗ್ಲಾಸನ್ನು ತೊಳೆಯದೆ ಮಲಗಿದ್ದೆ. ಬೆಳಿಗ್ಗೆ ಎತ್ತಿಕೊಂಡರೆ ಮದ್ಯದ ವಾಸನೆಯೇ ಇಲ್ಲ. ತಳದಲ್ಲಿ ಒಣಗಿದ ಒಂದು ತೆಳು ಪದರ, ಅದರಿಂದ ಥೇಟ್ ಕೊಬ್ಬರಿ ಮಿಠಾಯಿ. ಆಮೇಲೆ ಓದಿ ತಿಳಿದುಕೊಂಡೆ, ಅದು ಮೆಕ್ಕೆಜೋಳದ್ದಲ್ಲ, ಪೀಪಾಯಿಯ ಓಕ್ ಮರದ್ದು. ಅವತ್ತಿನಿಂದ ಗ್ಲಾಸುಗಳನ್ನು ಬೆಳಿಗ್ಗೆಯೇ ತೊಳೆಯೋದು.